ಮಲಗಿದ್ದು ರಾಸ್ ಅಲ್ ಖೈಮಾ ಅಲ್ಲ

ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ ಕನ್ನಡಿಗರು ಎಲ್ಲೇ ಸೇರಲಿ, ಒಂದು ಮಾತು ಬಂದೇ ಬರುತ್ತದೆ. ರಾಜ್ಯೋತ್ಸವದ ವೇದಿಕೆ ಮೇಲೆ ಊರಿಂದ ಬಂದ ಅತಿಥಿ ಅದನ್ನು ಹೇಳುತ್ತಾರೆ, ಕೆಳಗೆ ಊಟದ ಸಾಲಿನಲ್ಲಿ ನಿಂತವರೂ ಹೇಳುತ್ತಾರೆ: “ಇಲ್ಲಿ ಬರೀ ಮರಳಿತ್ತು, ಏನಂದ್ರೆ ಏನೂ ಇರಲಿಲ್ಲ. ದೊರೆಗೆ ದೂರದೃಷ್ಟಿ ಇತ್ತು, ಐವತ್ತೇ ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಬಂತು ನೋಡಿ! ಆ ಕಡೆ ರಾಸ್ ಅಲ್ ಖೈಮಾ, ಉಮ್ಮ್ ಅಲ್ ಕುವೈನ್ ಹಾಗೇ ಮಲಗಿವೆ.” ಮಾತು ಅಲ್ಲಿಗೇ ನಿಂತರೆ ಸುಮ್ಮನಿರಬಹುದಿತ್ತು. ಅದರ ಬೆನ್ನಿಗೇ ಊರಿನ ಸುದ್ದಿ ಬರುತ್ತದೆ. ಕರಾವಳಿಯವರು ಕಷ್ಟಪಟ್ಟು ಮೇಲೆ ಬಂದರಂತೆ; ಉತ್ತರ ಕರ್ನಾಟಕದವರಿಗೆ ಸರ್ಕಾರ ಎಷ್ಟು ಸುರಿದರೂ ಅಷ್ಟೇ ಅಂತೆ.

ಈ ಮಾತು ಚರಿತ್ರೆಯ ಮಟ್ಟಿಗೆ ಸುಳ್ಳು. ದುಡಿಮೆಯ ಲೆಕ್ಕ ಗೊತ್ತಿದ್ದವರ ಬಾಯಲ್ಲಿ ಬಂದಾಗ ಅನ್ಯಾಯ ಕೂಡ. ಒಂದು ಸೀಮೆ ಮುಂದೆ ಹೋದದ್ದು, ಅದರ ನೆರೆಯ ಸೀಮೆ ಹಿಂದೆ ಉಳಿದದ್ದು ಒಂದೇ ಕಥೆ. ಮುಂದೆ ಹೋದ ಸೀಮೆಗೆ ಕಲ್ಲು, ಕಚ್ಚಾಮಾಲು, ಕೂಲಿ, ಅಗ್ಗದ ಬಾಡಿಗೆ ಒದಗಿಸುವ ಕೆಲಸ ಹಿಂದೆ ಉಳಿದ ಸೀಮೆಯ ಪಾಲಿಗೆ ಬಂದಿರುತ್ತದೆ. ಆ ಕೆಲಸವನ್ನು ಯಾರು ಹಂಚಿದರು, ಯಾವಾಗ ಹಂಚಿದರು ಎಂದು ಕೇಳದೆ ಅವರ ಸ್ವಭಾವವೇ ಹಾಗೆ ಎಂದುಬಿಟ್ಟರೆ ನೆರೆಯವರ ಬೆವರನ್ನೇ ಅಳಿಸಿ ಹಾಕಿದಂತೆ.

ಏನೂ ಇರಲಿಲ್ಲ ಎನ್ನುವಲ್ಲಿಂದಲೇ ಶುರುಮಾಡುತ್ತೇನೆ. ಇನ್ನೂರೈವತ್ತು ವರ್ಷದ ಹಿಂದೆ ಈ ಕರಾವಳಿಯಲ್ಲಿ ಹೆಸರಾಗಿದ್ದದ್ದು ರಾಸ್ ಅಲ್ ಖೈಮಾ. ಅದರ ಮಗ್ಗುಲಲ್ಲಿದ್ದ ಜುಲ್ಫಾರ್ ಅದಕ್ಕೂ ಎಷ್ಟೋ ಮೊದಲಿನಿಂದ ಮುತ್ತಿಗೆ ಹೆಸರಾದ ಬಂದರು. ಅಲ್ಲಿ ಆಳುತ್ತಿದ್ದ ಖವಾಸಿಮರ ಹಡಗುಗಳು ಕೊಲ್ಲಿಯ ಎರಡೂ ದಡಗಳಲ್ಲಿ ವ್ಯಾಪಾರ ಮಾಡುತ್ತಿದ್ದವು, ಆಚೆ ಇರಾನಿನ ಲಿಂಗೆ ಬಂದರೂ ಅವರ ಕೈಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಗೆ ಅವರು ಕಡಲ್ಗಳ್ಳರು. ಆ ಹಣೆಪಟ್ಟಿ ಎಷ್ಟು ನಿಜ ಎಂದು ಪ್ರಶ್ನಿಸಿ ಶಾರ್ಜಾದ ಈಗಿನ ದೊರೆ ಶೇಖ್ ಸುಲ್ತಾನ್ ಬಿನ್ ಮುಹಮ್ಮದ್ ಅಲ್ ಖಾಸಿಮಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. 1819ರ ಡಿಸೆಂಬರಿನಲ್ಲಿ ಮುಂಬಯಿಯಿಂದ ಬಂದ ಬ್ರಿಟಿಷ್ ಪಡೆ ರಾಸ್ ಅಲ್ ಖೈಮಾವನ್ನು ಹಿಡಿದು, ಕೋಟೆಗಳನ್ನು ಕೆಡವಿ, ಹಡಗುಗಳನ್ನು ಸುಟ್ಟಿತು. ಮರುತಿಂಗಳೇ ಒಪ್ಪಂದಕ್ಕೆ ಸಹಿ ಬಿತ್ತು. ಆಗ ದುಬೈ ಒಂದು ಪುಟ್ಟ ಮೀನುಗಾರರ ಊರು. ಅಬುಧಾಬಿಯಿಂದ ಮಕ್ತೂಮ್ ಮನೆತನದವರು ಸುಮಾರು ಎಂಟುನೂರು ಜನರೊಡನೆ ಅಲ್ಲಿಗೆ ಬಂದು ನೆಲೆಸಿದ್ದು 1833ರಲ್ಲಿ. ಹಡಗುಗಳನ್ನೆಲ್ಲ ಸುಡಿಸಿಕೊಂಡ ಊರನ್ನು ಇವತ್ತು ನಾವು ಮಲಗಿದೆ ಅನ್ನುತ್ತೇವೆ.

ಅಲ್ಲಿಂದ ಮುಂದೆ ದುಬೈ ಏರಿದ್ದರಲ್ಲಿ ಜಾಣತನ ಇತ್ತು. 1894ರಲ್ಲಿ ಶೇಖ್ ಮಕ್ತೂಮ್ ಬಿನ್ ಹಶರ್ ಪರಊರಿನ ವ್ಯಾಪಾರಿಗಳಿಗೆ ಸುಂಕ ಬಿಟ್ಟರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇರಾನ್ ಸರ್ಕಾರ ಲಿಂಗೆಯಲ್ಲಿ ಸುಂಕ ಬಿಗಿ ಮಾಡಿದಾಗ ಅಲ್ಲಿನ ವ್ಯಾಪಾರಿಗಳು ಗಂಟುಮೂಟೆ ಕಟ್ಟಿ ಇಲ್ಲಿಗೆ ಬಂದರು. ಹಾಗಿದ್ದೂ 1932ರಲ್ಲಿ ಇಂಪೀರಿಯಲ್ ಏರ್‌ವೇಸ್ ವಿಮಾನಗಳು ಇಳಿದದ್ದು ಶಾರ್ಜಾದಲ್ಲಿ, ಬ್ರಿಟಿಷ್ ಏಜೆಂಟರು ಇದ್ದದ್ದೂ ಶಾರ್ಜಾದಲ್ಲೇ. 1954ರಲ್ಲಿ ಆ ಕಚೇರಿ ದುಬೈಗೆ ಹೋಯಿತು. ಎರಡೂ ಊರಿನ ಅಳಿವೆಗಳಲ್ಲಿ ಹೂಳು ತುಂಬುತ್ತಿತ್ತು. ಕುವೈತಿನಿಂದ ಸಾಲ ತಂದು, ಊರಿನ ವ್ಯಾಪಾರಿಗಳಿಗೆ ಬಾಂಡ್ ಮಾರಿ, 1959ರಿಂದ 1961ರ ತನಕ ದುಬೈಯ ದೊರೆ ಶೇಖ್ ರಷೀದ್ ಅಲ್ಲಿನ ಕ್ರೀಕಿನ ಹೂಳೆತ್ತಿಸಿದರು. ಆಗಿನ್ನೂ ದುಬೈಯಲ್ಲಿ ಒಂದು ಹನಿ ತೈಲ ಸಿಕ್ಕಿರಲಿಲ್ಲ. ಆ ಎದೆಗಾರಿಕೆಯನ್ನು ನಾನು ಒಂದಿಷ್ಟೂ ತಗ್ಗಿಸಿ ಹೇಳುವುದಿಲ್ಲ. ಆದರೆ ದುಬೈಯ ಬಾಯಿ ತೆರೆದಾಗ ಶಾರ್ಜಾದ್ದು ಹೂಳಿನಿಂದ ಮುಚ್ಚಿಕೊಂಡಿತ್ತು, ಹಡಗುಗಳ ಹಿಂದೆಯೇ ವ್ಯಾಪಾರಿಗಳೂ ದುಬೈಗೆ ಹೋದರು. ಹತ್ತು ಮೈಲಿ ಅಂತರದ ಎರಡು ಊರುಗಳಲ್ಲಿ ಒಂದರ ಅಳಿವೆಗೆ ಸಾಲ ಸಿಕ್ಕಿತು, ಇನ್ನೊಂದರದ್ದಕ್ಕೆ ಹೊತ್ತಿಗೆ ಸಿಗಲಿಲ್ಲ. ಇದರಲ್ಲಿ ಜನರ ಸ್ವಭಾವ ಎಲ್ಲಿ ಬಂತು?

ಇನ್ನು ತೈಲ. ತೈಲ ಕಂಪನಿಗಳಿಗೆ ಯಾರ ಜೊತೆ ಒಪ್ಪಂದ ಮಾಡಿಕೊಳ್ಳಬೇಕು ಎಂದು ಗೊತ್ತಾಗಬೇಕಿದ್ದರೆ ಯಾವ ಗುಡ್ಡ ಯಾವ ಶೇಖರದ್ದು ಎಂದು ಮೊದಲು ಗೊತ್ತಾಗಬೇಕಿತ್ತು. ಹಾಗಾಗಿ 1950ರ ದಶಕದಲ್ಲಿ ಜೂಲಿಯನ್ ವಾಕರ್ ಎಂಬ ತರುಣ ಬ್ರಿಟಿಷ್ ಅಧಿಕಾರಿ ಲ್ಯಾಂಡ್ ರೋವರಿನಲ್ಲಿ, ಒಂಟೆಯ ಮೇಲೆ, ಕಾಲ್ನಡಿಗೆಯಲ್ಲಿ ಸುತ್ತಿ, ಊರಿನ ಹಿರಿಯರನ್ನು ವಿಚಾರಿಸಿ ಗಡಿ ಗುರುತಿಸಿದರು. ಬಾವಿಗಳ, ಮೇವಿನ, ನಿಷ್ಠೆಗಳ ಮೇಲೆ ನಿಂತಿದ್ದ ಎಲ್ಲೆಗಳು ನಕ್ಷೆಯ ಗೆರೆಗಳಾದವು. ಅಬುಧಾಬಿಗೆ ಉಮ್ಮ್ ಶೈಫ್‌ನಲ್ಲಿ 1958ರಲ್ಲಿ ತೈಲ ಸಿಕ್ಕಿ, 1962ರಲ್ಲಿ ದಾಸ್ ದ್ವೀಪದಿಂದ ಮೊದಲ ಹಡಗು ಹೊರಟಿತು. ದುಬೈಗೆ 1966ರಲ್ಲಿ ಫತೇಹ್ ನಿಕ್ಷೇಪ ಸಿಕ್ಕಿತು. ಶಾರ್ಜಾಕ್ಕೆ ಸಣ್ಣ ಪಾಲು. ರಾಸ್ ಅಲ್ ಖೈಮಾ ಹುಡುಕಿಸುತ್ತಲೇ ಇತ್ತು. ಒಕ್ಕೂಟ ಹುಟ್ಟುವುದಕ್ಕೆ ಎರಡು ದಿನ ಮುಂಚೆ, 1971ರ ನವೆಂಬರ್ 30ರಂದು, ಅದರ ಎರಡು ತುನ್ಬ್ ದ್ವೀಪಗಳನ್ನು ಇರಾನ್ ಹಿಡಿದುಕೊಂಡಿತು. ಡಿಸೆಂಬರ್ 2ರಂದು ಆರು ಎಮಿರೇಟ್‌ಗಳು ಒಂದಾದವು. ರಾಸ್ ಅಲ್ ಖೈಮಾ ಸೇರಿದ್ದು 1972ರ ಫೆಬ್ರವರಿಯಲ್ಲಿ. ಆ ಒಕ್ಕೂಟದ ಸಂವಿಧಾನದ 23ನೇ ವಿಧಿಯ ಪ್ರಕಾರ ಆಯಾ ಎಮಿರೇಟಿನ ನೈಸರ್ಗಿಕ ಸಂಪತ್ತು ಆಯಾ ಎಮಿರೇಟಿನದ್ದೇ. ದೇಶ ಒಂದು, ಬಾವುಟ ಒಂದು, ನೆಲದಡಿಯ ಆಸ್ತಿ ಮಾತ್ರ ಏಳು ಪಾಲು. ನಕ್ಷೆಯ ಗೆರೆಯಿಂದ ಎಷ್ಟು ಮೈಲಿ ಆಚೆ ಈಚೆ ಇದ್ದೀರಿ ಎಂಬುದರ ಮೇಲೆ ನಿಮ್ಮ ಊರಿನ ಬಂದರು, ಆಸ್ಪತ್ರೆ, ವಿದ್ಯುತ್ತು ಎಲ್ಲವೂ ನಿಂತವು.

ಕಾರ್ಖಾನೆಗಳ ಕಥೆ ಈ ಗೆರೆಯ ಮೇಲೆಯೇ ಬೆಳೆದದ್ದು. ಜಬಲ್ ಅಲಿಯಲ್ಲಿ 1979ರಲ್ಲಿ ಬಂದರು ತೆರೆಯಿತು, ಅದೇ ವರ್ಷ ದುಬಾಲ್‌ನ ಅಲ್ಯೂಮಿನಿಯಂ ಕುಲುಮೆಗಳು ಉರಿದವು. ಅಲ್ಯೂಮಿನಿಯಂ ಮಾಡುವ ಅಲ್ಯುಮಿನಾ ದುಬೈಯಲ್ಲಿ ಸಿಗುವ ವಸ್ತುವಲ್ಲ, ಹಡಗಿನಲ್ಲಿ ಬರಬೇಕು. ದುಬೈಯಲ್ಲಿ ಇದ್ದದ್ದು ವಿದ್ಯುತ್ತಿಗೆ ಅನಿಲ, ತೈಲದ ಹಣ, ಆ ಹಣ ನೋಡಿ ಸಾಲ ಕೊಡುವ ಬ್ಯಾಂಕುಗಳು. 1984ರ ಒಕ್ಕೂಟದ ಕಾನೂನು ಕಂಪನಿಯ ಶೇ. 51 ಪಾಲು ಇಲ್ಲಿಯ ಪ್ರಜೆಯದ್ದಾಗಿರಬೇಕು ಎಂದಿತು. ಮರುವರ್ಷವೇ ಜಬಲ್ ಅಲಿ ಫ್ರೀ ಜೋನ್ ತೆರೆದು, ಅದರೊಳಗೆ ಪೂರ್ತಿ ಒಡೆತನ ವಿದೇಶಿಯರಿಗೆ ಸಿಗುವಂತಾಯಿತು. ಇತ್ತ ತೈಲವಿಲ್ಲದ ರಾಸ್ ಅಲ್ ಖೈಮಾ ಕೈಕಟ್ಟಿ ಕೂತಿರಲಿಲ್ಲ. 1972ರಲ್ಲೇ ಅಲ್ಲಿ ಯೂನಿಯನ್ ಸಿಮೆಂಟ್ ಕಂಪನಿ ಹುಟ್ಟಿತು. 1980ರಲ್ಲಿ ಜುಲ್ಫಾರ್ ಔಷಧ ಕಂಪನಿ, 1989ರಲ್ಲಿ ರಾಕ್ ಸೆರಾಮಿಕ್ಸ್. ಇದು ಇವತ್ತು ಜಗತ್ತಿನ ದೊಡ್ಡ ಟೈಲ್ಸ್ ತಯಾರಕರಲ್ಲಿ ಒಂದು. ನಮ್ಮವರ ಎಷ್ಟೋ ಬಚ್ಚಲುಮನೆಗಳಲ್ಲಿ ಅದರ ಹೆಸರಿದೆ. ಮಲಗಿದ ಊರು ಔಷಧ ಕಾರ್ಖಾನೆ ಕಟ್ಟುವುದಿಲ್ಲ. ಅನಿಲದ ಕೊಳವೆ ತಲುಪದ ಊರು ಕಾರ್ಖಾನೆ ಕಟ್ಟಿದ ಮೇಲೂ ವಿದ್ಯುತ್ತಿಗೆ ಕಾಯುತ್ತದೆ. 2008ರಿಂದ ಮುಂದಿನ ಕೆಲವು ವರ್ಷ ಅಜ್ಮಾನ್, ಶಾರ್ಜಾಗಳಲ್ಲಿದ್ದವರಿಗೆ ಇದು ಚೆನ್ನಾಗಿ ನೆನಪಿದೆ. ಕಟ್ಟಿ ಮುಗಿದ ಕಟ್ಟಡಗಳು ಕನೆಕ್ಷನ್ ಇಲ್ಲದೆ ಡೀಸೆಲ್ ಜನರೇಟರಿನ ಮೇಲೆ ನಡೆದವು, ಶಾರ್ಜಾದ ಕೈಗಾರಿಕಾ ಪ್ರದೇಶದಲ್ಲಿ ಬೇಸಿಗೆಯ ನಡುವೆ ಕರೆಂಟು ಹೋಗಿ ಎಸಿ ನಿಂತು ಜನ ಕಾರಿನಲ್ಲಿ ರಾತ್ರಿ ಕಳೆದರು. 2011ರಲ್ಲಿ ಒಕ್ಕೂಟದ ಅಧ್ಯಕ್ಷರು ಉತ್ತರದ ಎಮಿರೇಟ್‌ಗಳ ನೀರು ಮತ್ತು ವಿದ್ಯುತ್ತಿಗೆ 570 ಕೋಟಿ ದಿರ್ಹಮ್ ತೆಗೆದಿಟ್ಟರು. ಕೊರತೆ ಇದ್ದದ್ದು ಎಲ್ಲಿ ಎಂದು ಆಳುವವರಿಗೆ ಗೊತ್ತಿತ್ತು.

ಉತ್ತರದವರು ಕೊಟ್ಟದ್ದೇನು ಎಂದು ತಿಳಿಯಬೇಕಾದವರು ಖೋರ್ ಖ್ವೈರ್‌ಗೆ ಹೋಗಿ ನೋಡಬೇಕು. ರಾಸ್ ಅಲ್ ಖೈಮಾ ಪೇಟೆ ದಾಟಿ, ರಮ್ಸ್ ದಾಟಿ ಶಾಮ್ ಕಡೆಗೆ ಹೋಗುವಾಗ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಜರ್ ಬೆಟ್ಟದ ಸಾಲು. ಆ ಬೆಟ್ಟ ಅಲ್ಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಹೋಗಿದೆ. ಜಗತ್ತಿನ ಅತಿ ದೊಡ್ಡ ಸುಣ್ಣಕಲ್ಲಿನ ಕ್ವಾರಿಗಳಲ್ಲಿ ಇದೂ ಒಂದು. ಕ್ರಷರಿನಿಂದ ಇಳಿದ ಜಲ್ಲಿ ಬೆಲ್ಟಿನ ಮೇಲೆ ಸಖರ್ ಬಂದರಿಗೆ ಹೋಗುತ್ತದೆ, ಅಲ್ಲಿಂದ ಕುವೈತಿಗೆ, ಕತಾರಿಗೆ, ನಮ್ಮ ದೇಶದ ಉಕ್ಕಿನ ಕಾರ್ಖಾನೆಗಳಿಗೆ. ಉಳಿದದ್ದು ಟ್ರಕ್ಕಿನಲ್ಲಿ ದಕ್ಷಿಣಕ್ಕೆ. ಟ್ರಕ್ಕುಗಳ ಚಾಲಕರಲ್ಲಿ ಪಠಾಣರೇ ಹೆಚ್ಚು. ತೂಕದ ಸರದಿಗೆ ಕಾಯುತ್ತಾ ಗಾಡಿಯ ನೆರಳಿನಲ್ಲಿ ಚಾಪೆ ಹಾಸಿ ಚಹಾ ಕಾಯಿಸುತ್ತಾರೆ. ರಸ್ತೆ ಬದಿಯ ಘಾಫ್ ಗಿಡದ, ಅಂದರೆ ನಮ್ಮ ಬನ್ನಿ ಮರದ, ಎಲೆ ಕೈಯಲ್ಲಿ ಒರೆಸಿದರೆ ಬೆರಳಿಗೆ ಬಿಳಿ ಹುಡಿ ಅಂಟುತ್ತದೆ. ಆ ಹುಡಿ ಬೆಟ್ಟದ ಬುಡದ ಹಳ್ಳಿಗಳ ಕಿಟಕಿಯ ಮೇಲೂ ಇದೆ, ಜನರ ಎದೆಯಲ್ಲೂ ಇದೆ. ಪಾಮ್ ಜುಮೇರಾದ ತಡೆಗೋಡೆಗೆ 70 ಲಕ್ಷ ಟನ್ ಬಂಡೆ ಬೇಕಾಯಿತು, ಬುರ್ಜ್ ಖಲೀಫಾಕ್ಕೆ 3 ಲಕ್ಷ 30 ಸಾವಿರ ಘನ ಮೀಟರ್ ಕಾಂಕ್ರೀಟು. ದುಬೈ ನಗರದ ಸುತ್ತ ಮರಳಿದೆ, ಗಟ್ಟಿ ಬಂಡೆಯ ಬೆಟ್ಟವಿಲ್ಲ. ಬೆಟ್ಟ ಇರುವುದು ರಾಸ್ ಅಲ್ ಖೈಮಾ, ಫುಜೈರಾಗಳ ಕಡೆಗೆ. ಅಬುಧಾಬಿಯ ತೈಲ ಹೋರ್ಮುಜ್ ಜಲಸಂಧಿ ತಪ್ಪಿಸಿ ಹೋಗಬೇಕಾದಾಗಲೂ ದಾರಿ ಕೊಟ್ಟದ್ದು ಫುಜೈರಾ. 2012ರಿಂದ ಹಬ್‌ಶಾನಿನ ಕೊಳವೆ ಅಲ್ಲಿಗೆ ಮುಟ್ಟುತ್ತದೆ, ದಿನಕ್ಕೆ 15 ಲಕ್ಷ ಬ್ಯಾರಲ್ ಸಾಗಿಸುವ ಸಾಮರ್ಥ್ಯ ಅದಕ್ಕಿದೆ.

ಕಲ್ಲು ದೂರದ ಮಾತಾಯಿತು ಎನ್ನುವವರು ತಮ್ಮ ಮನೆಯ ಬಾಡಿಗೆ ಚೀಟಿ ತೆಗೆದು ನೋಡಲಿ. ನಮ್ಮಲ್ಲಿ ಎಷ್ಟು ಜನರ ಆಫೀಸು ದುಬೈಯಲ್ಲಿ, ಮನೆ ಶಾರ್ಜಾದಲ್ಲಿ? ರೋಲಾ, ನಹ್ದಾ, ಖಾಸಿಮಿಯಾ, ಅಜ್ಮಾನಿನ ನುಐಮಿಯಾ ಎಂದು ಹೆಸರು ಹೇಳಿದರೆ ಸಾಕು, ಇಲ್ಲಿಯ ಕನ್ನಡಿಗರಿಗೆ ಬೆಳಗಿನ ಐದೂವರೆ ನೆನಪಾಗುತ್ತದೆ. ಮಕ್ಕಳು ಏಳುವ ಮೊದಲೇ ಹೊರಟು, ಇತ್ತಿಹಾದ್ ರಸ್ತೆಯಲ್ಲಿ ಬ್ರೇಕ್ ಒತ್ತುತ್ತಾ ಬಿಡುತ್ತಾ, ಮಮ್ಜಾರಿನ ಸಾಲಿಕ್ ಗೇಟಿಗೆ ಟೋಲು ಕಟ್ಟಿ ದುಬೈ ಸೇರುವುದು. ರಾತ್ರಿ ಅದೇ ದಾರಿಯಲ್ಲಿ ವಾಪಸ್. ಸಂಬಳಕ್ಕೆ ಆದಾಯ ತೆರಿಗೆ ಇಲ್ಲದ ದೇಶದಲ್ಲಿ ಒಂದು ಎಮಿರೇಟಿನ ಆದಾಯ ಟ್ರೇಡ್ ಲೈಸೆನ್ಸಿನಿಂದ, ಜಾಗದಿಂದ, ಬಂದರಿನಿಂದ, ಟೋಲಿನಿಂದ. ನಮ್ಮ ಕಂಪನಿಯ ಲೈಸೆನ್ಸು ದುಬೈಯದ್ದು, ಟೋಲು ದುಬೈಗೆ. ಕುಡಿಯುವ ನೀರು, ಒಳಚರಂಡಿ, ಕಸ, ಮಕ್ಕಳು ಆಡುವ ಪಾರ್ಕು ಶಾರ್ಜಾದ ಹೆಗಲಿಗೆ. ನಮ್ಮ ಶ್ರಮವನ್ನು ಅಗ್ಗದಲ್ಲಿ ಇಟ್ಟುಕೊಂಡು ಬೆಳಿಗ್ಗೆ ದುಬೈಗೆ ಕಳಿಸಿಕೊಡುವ ಊರು ಶಾರ್ಜಾ. ಆ ಊರಿನಲ್ಲಿ ಮಲಗಿ ಎದ್ದು ಬಂದವರೇ ಅದನ್ನು ಮಲಗಿದ ಊರು ಎಂದು ಕರೆಯುವುದು ನನಗೆ ಸಹಿಸಲಾಗದ ಮಾತು.

ಇದೇ ಮಾತು ಇನ್ನೂರು ವರ್ಷದ ಹಿಂದೆ ಅಮೆರಿಕದಲ್ಲಿ ನಡೆಯಿತು. ಈಗಲೂ ಶಾಲೆಯ ಪುಸ್ತಕಗಳಲ್ಲಿ ಅದರ ನೆರಳಿದೆ: ಉತ್ತರದ ರಾಜ್ಯಗಳವರು ಉದ್ಯಮಶೀಲರು, ಯಂತ್ರ ಹೂಡಿದರು, ಕಾಲುವೆ ತೋಡಿದರು, ರೈಲು ಓಡಿಸಿದರು, ದಕ್ಷಿಣದವರು ಹತ್ತಿ ಹೊಲದ ನೆರಳಲ್ಲಿ ಕಾಲ ಕಳೆದರು. ನಡೆದದ್ದು ಏನು? 1790ರಲ್ಲಿ ಇಂಗ್ಲೆಂಡಿನಿಂದ ಯಂತ್ರದ ಗುಟ್ಟು ತಲೆಯಲ್ಲಿಟ್ಟುಕೊಂಡು ಬಂದ ಸ್ಯಾಮ್ಯುಯೆಲ್ ಸ್ಲೇಟರ್, ರೋಡ್ ಐಲೆಂಡಿನ ಪಾಟಕೆಟ್‌ನಲ್ಲಿ ನೂಲಿನ ಗಿರಣಿ ನಡೆಸಿದ. ಅದಕ್ಕೆ ದುಡ್ಡು ಹಾಕಿದವರಲ್ಲಿ ಮುಖ್ಯನಾದ ಮೋಸೆಸ್ ಬ್ರೌನ್ ಗುಲಾಮಗಿರಿಯನ್ನು ಬಹಿರಂಗವಾಗಿ ವಿರೋಧಿಸಿದವನು. ಗಿರಣಿಗೆ ಬಂದ ಹತ್ತಿ ಗುಲಾಮರು ಬಿಡಿಸಿದ್ದು. 1793ರಲ್ಲಿ ಹತ್ತಿಯಿಂದ ಬೀಜ ಬೇರೆ ಮಾಡುವ ಜಿನ್ ಯಂತ್ರ ಮಾಡಿದ ಎಲಿ ವಿಟ್ನಿ ಉತ್ತರದ ಮ್ಯಾಸಚೂಸೆಟ್ಸಿನವನು. ಅದು ಬಂದ ಮೇಲೆ ಒಳನಾಡಿನ ಗಿಡ್ಡ ಎಳೆಯ ಹತ್ತಿಯೂ ಲಾಭಕ್ಕೆ ಬಂತು, ತೋಟಗಳು ಜಾರ್ಜಿಯಾದಿಂದ ಮಿಸಿಸಿಪಿ ತನಕ ಹಬ್ಬಿದವು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರು 1860ಕ್ಕೆ ಸುಮಾರು 40 ಲಕ್ಷ. ಬೋಸ್ಟನ್ನಿನ ಬಂಡವಾಳಿಗರು ಕಟ್ಟಿದ ಲೊವೆಲ್ ಪಟ್ಟಣದ ಮಗ್ಗಗಳು ಆ ಹತ್ತಿಯನ್ನೇ ನೇಯ್ದವು. ರೋಡ್ ಐಲೆಂಡಿನ ಗಿರಣಿಗಳು ಗುಲಾಮರಿಗೆ ತೊಡಿಸಲೆಂದೇ ಒರಟು ಬಟ್ಟೆ ನೇಯ್ದು ದಕ್ಷಿಣದ ತೋಟಗಳಿಗೆ ಮಾರಿದವು. ಹತ್ತಿಗೆ ಮುಂಗಡ, ವಿಮೆ, ಹಡಗು, ದಲ್ಲಾಳಿ ಎಲ್ಲವೂ ನ್ಯೂಯಾರ್ಕಿನದ್ದು. ನಂಟು ಎಷ್ಟು ಗಟ್ಟಿ ಇತ್ತೆಂದರೆ, 1861ರ ಜನವರಿಯಲ್ಲಿ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟ ಬಿಡುತ್ತಿದ್ದಾಗ ನ್ಯೂಯಾರ್ಕಿನ ಮೇಯರ್ ಫರ್ನಾಂಡೊ ವುಡ್ ತನ್ನ ನಗರವೂ ಒಕ್ಕೂಟದಿಂದ ಬೇರೆಯಾಗಿ ನಿಲ್ಲಲಿ ಎಂದು ಸೂಚಿಸಿದ.

ದಕ್ಷಿಣದವರಿಗೆ ಕಾರ್ಖಾನೆ ಬರುತ್ತಿರಲಿಲ್ಲ ಎಂಬುದೂ ಸುಳ್ಳು. ರಿಚ್ಮಂಡಿನ ಟ್ರೆಡಿಗರ್ ಕಬ್ಬಿಣದ ಕಾರ್ಖಾನೆ ದೇಶದ ದೊಡ್ಡ ಕಾರ್ಖಾನೆಗಳಲ್ಲಿ ಒಂದಾಗಿತ್ತು, ಅಲ್ಲಿ ಗುಲಾಮರೂ ಕುಲುಮೆಯ ಮುಂದೆ ನಿಂತರು. ಕೈಗಾರಿಕೆ ಅಲ್ಲಿ ಹಬ್ಬದೆ ಹೋದದ್ದಕ್ಕೆ ಕಾರಣ, ದುಡ್ಡಿದ್ದವರಿಗೆ ಯಂತ್ರಕ್ಕಿಂತ ಮನುಷ್ಯನನ್ನೇ ಕೊಳ್ಳುವುದು ಲಾಭವಾಗಿ ಕಂಡದ್ದು. ಆ ಲಾಭದ ಕೊನೆಯ ಕೊಂಡಿ ಉತ್ತರದ ಗಿರಣಿಗಳಲ್ಲಿ, ಮ್ಯಾಂಚೆಸ್ಟರಿನಲ್ಲಿ ಇತ್ತು. 1828ರಲ್ಲಿ ಉತ್ತರದ ಕಾರ್ಖಾನೆಗಳನ್ನು ಕಾಯಲು ಆಮದಿನ ಮೇಲೆ ಭಾರೀ ಸುಂಕ ಬಂದಾಗ, ಬಟ್ಟೆ, ಕಬ್ಬಿಣ ಎಲ್ಲವನ್ನೂ ಕೊಂಡೇ ಬಾಳುತ್ತಿದ್ದ ಸೌತ್ ಕ್ಯಾರೊಲಿನಾ 1832ರಲ್ಲಿ ಆ ಕಾನೂನು ತನ್ನ ನೆಲದಲ್ಲಿ ನಡೆಯದು ಎಂದು ಘೋಷಿಸಿತು. ಮೂವತ್ತು ವರ್ಷದೊಳಗೆ ಯುದ್ಧ. ಆ ಹೊತ್ತಿಗೆ ದೇಶದ ಕಾರ್ಖಾನೆ ಉತ್ಪಾದನೆಯ ಹತ್ತರಲ್ಲಿ ಒಂಬತ್ತು ಪಾಲು ಉತ್ತರದ್ದಾಗಿತ್ತು.

ಎರಡನ್ನೂ ಸಮ ಎಂದು ನಾನು ಹೇಳುತ್ತಿಲ್ಲ. ಗುಲಾಮಗಿರಿ ಇನ್ನಾವುದಕ್ಕೂ ಹೋಲಿಸಬಾರದ ಪಾಪ. ಅಮೆರಿಕದ ದಕ್ಷಿಣದ ಧಣಿಗಳ ಮೇಲೆ ನನಗೆ ಎಳ್ಳಷ್ಟೂ ಮರುಕವಿಲ್ಲ. ಈ ಕೊಲ್ಲಿಯಲ್ಲೂ ಗುಲಾಮರಿದ್ದರು. ಮುತ್ತಿನ ಹಡಗುಗಳಲ್ಲಿ ಪೂರ್ವ ಆಫ್ರಿಕಾದಿಂದ ತಂದವರು ಮುಳುಗಿದರು, ಸ್ವತಂತ್ರರಾದ ಮುಳುಗುಗಾರರೂ ನಾಖುದಾನ, ಅಂದರೆ ಹಡಗಿನ ನಾಯಕನ, ಸಾಲದಲ್ಲಿ ತಲೆಮಾರುಗಟ್ಟಲೆ ಬಿದ್ದಿದ್ದರು. ಆ ಚರಿತ್ರೆಯನ್ನೂ ಏನೂ ಇರಲಿಲ್ಲ ಎಂಬ ಮಾತು ನುಂಗಿಹಾಕುತ್ತದೆ. ಅಮೆರಿಕದ ಕಥೆಯಿಂದ ನಾನು ಎತ್ತಿಕೊಳ್ಳುವುದು ಒಂದನ್ನೇ: ಗಿರಣಿ ಇರುವ ಊರಿನವನು ಹತ್ತಿ ಬೆಳೆಯುವ ಊರನ್ನು ಹಳಿಯುವಾಗ ತನ್ನ ಮೈಮೇಲಿನ ಬಟ್ಟೆಯ ದಾರ ಎಲ್ಲಿಂದ ಬಂತು ಎಂಬುದನ್ನು ಮರೆತಿರುತ್ತಾನೆ.

ನನ್ನ ಮಾತಿಗೆ ತಕ್ಕ ಎದುರುಮಾತು ಒಂದಿದೆ, ಅದನ್ನು ಬದಿಗೆ ಸರಿಸಲಾರೆ. ಇಲ್ಲಿ ಯುದ್ಧ ಆಗಲಿಲ್ಲವಲ್ಲ, ಅಬುಧಾಬಿ ತನ್ನ ತೈಲದ ಹಣವನ್ನು ಎಲ್ಲರಿಗೂ ಹಂಚಿತಲ್ಲ ಎನ್ನುತ್ತಾರೆ. ನಿಜ. ಅಬುಧಾಬಿಯ ದೊರೆ ಶೇಖ್ ಜಾಯೆದ್ ಅವರು ರಸ್ತೆ, ಮನೆ, ಶಾಲೆ, ಆಸ್ಪತ್ರೆಗಳಿಗೆ ಕೊಟ್ಟ ಹಣವಿಲ್ಲದೆ ಈ ಒಕ್ಕೂಟ ನಿಲ್ಲುತ್ತಿರಲಿಲ್ಲ. 2009ರ ಡಿಸೆಂಬರಿನಲ್ಲಿ ದುಬೈ ಸಾಲದಲ್ಲಿ ಮುಳುಗಿದಾಗ 1000 ಕೋಟಿ ಡಾಲರು ಕೊಟ್ಟು ಎತ್ತಿದ್ದೂ ಅಬುಧಾಬಿಯೇ. ಸ್ವಂತ ಬಲದಿಂದ ಎದ್ದ ಊರು ಎಂದು ವೇದಿಕೆಯಲ್ಲಿ ಹೊಗಳಿಸಿಕೊಳ್ಳುವ ದುಬೈ ಕೂಡ ನೆರೆಯವರ ನೆರವಿನಿಂದ ನಿಂತಿದೆ. ಇದರಲ್ಲಿ ತಲೆತಗ್ಗಿಸುವಂಥದ್ದೇನೂ ಇಲ್ಲ. ಅದೇ ನೆರವು ಅಜ್ಮಾನಿಗೆ ಸಿಕ್ಕಾಗ ಮಾತ್ರ ಅದನ್ನು ದಾನ ಎಂದು, ಅವರನ್ನು ಕೈಲಾಗದವರು ಎಂದು ಕರೆಯುವುದು ಏಕೆ? ಹಂಚುವುದು ಎಷ್ಟರಮಟ್ಟಿಗೆ ಎಂಬ ಜಗಳವೂ ಇಲ್ಲಿ ಗಂಭೀರವಾಗಿಯೇ ನಡೆದಿದೆ. 1979ರಲ್ಲಿ ಒಕ್ಕೂಟದ ಶಾಸನಸಭೆ ಮತ್ತು ಸಂಪುಟ ಸೇರಿ ಆದಾಯ, ಸೇನೆ ಎಲ್ಲವೂ ಒಂದಾಗಲಿ ಎಂದು ಮನವಿ ಕೊಟ್ಟವು. ಶಾಲಾಕಾಲೇಜಿನ ಹುಡುಗರು ಅದನ್ನು ಬೆಂಬಲಿಸಿ ಬೀದಿಗಿಳಿದರು. ದುಬೈ ಒಪ್ಪಲಿಲ್ಲ, ರಾಸ್ ಅಲ್ ಖೈಮಾವೂ ಒಪ್ಪಲಿಲ್ಲ. ತನಗೂ ತೈಲ ಸಿಕ್ಕೀತು ಎಂಬ ಆಸೆ ಅದಕ್ಕಿತ್ತು, ಹಾಗಾಗಿ ಉತ್ತರದವರೆಲ್ಲ ಬರೀ ಬಲಿಪಶುಗಳು ಎಂದು ನಾನು ಹೇಳಲಾರೆ. ಕುವೈತ್ ನಡುವೆ ಬಂದು, ಶೇಖ್ ರಷೀದ್ ಪ್ರಧಾನಿಯಾಗಿ ರಾಜಿಯಾಯಿತು. 23ನೇ ವಿಧಿ ಹಾಗೇ ಉಳಿಯಿತು. ಸರ್ವೋಚ್ಚ ಮಂಡಳಿಯ ಮುಖ್ಯ ತೀರ್ಮಾನಗಳಿಗೆ ಏಳರಲ್ಲಿ ಐದು ಮತ ಬೇಕು, ಆ ಐದರಲ್ಲಿ ಅಬುಧಾಬಿ, ದುಬೈ ಎರಡೂ ಇರಲೇಬೇಕು. ಈ ನಿಯಮವೂ ಉಳಿಯಿತು. ಯುದ್ಧ ಆಗಲಿಲ್ಲ ಎಂದ ಮಾತ್ರಕ್ಕೆ ಅಂತರ ತಾನಾಗಿ ಹುಟ್ಟಿದ್ದು ಎಂದಾಗುವುದಿಲ್ಲ.

ಇಷ್ಟಕ್ಕೂ ನಮಗೇಕೆ ಇದರ ಉಸಾಬರಿ ಎನ್ನುವವರಿದ್ದಾರೆ. ಅಮೆರಿಕದ ಆ ಜಗಳ ನಮ್ಮ ಮನೆಯ ನಕ್ಷೆಯನ್ನೇ ತಿದ್ದಿದೆ, ಹಾಗಾಗಿ ಉಸಾಬರಿ ಉಂಟು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೋಗುತ್ತಿತ್ತು. ಮುಂಬಯಿ, ಲಿವರ್‌ಪೂಲ್ ಪೇಟೆಗಳಲ್ಲಿ ಅದರ ಹೆಸರೇ ಕುಮಟಾ ಹತ್ತಿ. ಅಮೆರಿಕದ ಹತ್ತಿಯನ್ನೇ ನಂಬಿ ಕೂರಲಾಗದು ಎಂದು ಹೆದರಿದ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ಧಾರವಾಡದ ಮೇಲೆ ಕಣ್ಣಿಟ್ಟರು, ಕಾರವಾರದಲ್ಲಿ ಒಳ್ಳೆಯ ಬಂದರು ಬೇಕು ಎಂದು ಒತ್ತಾಯಿಸಿದರು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದಲ್ಲಿ, ಕಾರವಾರ ಮದ್ರಾಸಿನಲ್ಲಿ. ಹಾಗಾಗಿ 1862ರಲ್ಲಿ ಕುಂದಾಪುರ ತಾಲೂಕನ್ನು ಬಿಟ್ಟು ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದರು. ಭಟ್ಕಳ ಒಂದು ಕಡೆ, ಬೈಂದೂರು ಇನ್ನೊಂದು ಕಡೆ ಆದದ್ದು ಹೀಗೆ. ಅಮೆರಿಕದಲ್ಲಿ ಯುದ್ಧ ನಡೆದಷ್ಟು ದಿನ ಧಾರವಾಡದ ಹತ್ತಿಗೆ ಬಂಗಾರದ ಬೆಲೆ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಸಾಲ ಮಾಡಿ ಹೊಲ ವಿಸ್ತರಿಸಿದ ರೈತರು ಸಾಹುಕಾರರ ಕೈಗೆ ಬಿದ್ದರು. 1880ರ ದಶಕದಲ್ಲಿ ರೈಲು ಹುಬ್ಬಳ್ಳಿಯಿಂದ ಕಾರವಾರಕ್ಕೆ ಇಳಿಯಲಿಲ್ಲ, ಗೋವಾದ ಮುರ್ಮುಗಾವಿಗೆ ಇಳಿಯಿತು. ಕಾರವಾರ ಕಾದೇ ಕಾದಿತು. ಹುಬ್ಬಳ್ಳಿ–ಅಂಕೋಲಾ ರೈಲು ಇವತ್ತಿಗೂ ಬಂದಿಲ್ಲ. ಉತ್ತರ ಕನ್ನಡದ ಜನ 2022ರಲ್ಲಿ ಒಂದು ದೊಡ್ಡ ಆಸ್ಪತ್ರೆ ಕೊಡಿ ಎಂದು ಚಳವಳಿ ಮಾಡಬೇಕಾಯಿತು. ಈ ಜಿಲ್ಲೆಯ ಜನ ಸೋಮಾರಿಗಳೇ? ಭಟ್ಕಳದವರು ದುಬೈಯ ದೇರಾದ ಬಟ್ಟೆ ಅಂಗಡಿಗಳಲ್ಲಿ ರಾತ್ರಿ ಹತ್ತರ ತನಕ ನಿಂತು ದುಡಿದದ್ದನ್ನು ಕಂಡ ಯಾರೂ ಹಾಗೆ ಹೇಳಲಾರರು.

ಘಟ್ಟದ ಆಚೆಗೂ ಇದೇ ಲೆಕ್ಕ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ವರದಿ ಕೊಟ್ಟಿತು. ಆ 39ರಲ್ಲಿ ಹೆಚ್ಚಿನವು ಕಲ್ಯಾಣ ಕರ್ನಾಟಕದವು. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ವಿದ್ಯುತ್ತು ತಂತಿ ಹಿಡಿದು ದೂರದ ಊರುಗಳಿಗೆ ಹೋಗುತ್ತದೆ, ಬೂದಿ ಅಲ್ಲೇ ಉಳಿಯುತ್ತದೆ. ಬಳ್ಳಾರಿಯ ಅದಿರು ಹೋಯಿತು, ಹಟ್ಟಿಯ ಚಿನ್ನ ಹೋಯಿತು. ಜನರೂ ಹೋದರು: ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರಿನ ಕುಟುಂಬಗಳಿವೆ. ಸಂಸತ್ತು 2012ರಲ್ಲಿ ಒಪ್ಪಿದ ಸಂವಿಧಾನದ 371(ಜೆ) ವಿಧಿಯಿಂದ ಆ ಸೀಮೆಯ ಮಕ್ಕಳಿಗೆ ಸೀಟು, ಕೆಲಸಗಳಲ್ಲಿ ಒಂದಿಷ್ಟು ಪಾಲು ಸಿಗುತ್ತಿದೆ. ಅದಕ್ಕೂ ಇಲ್ಲಿಯ ನಮ್ಮ ಸಭೆಗಳಲ್ಲಿ ಗೊಣಗಾಟ ಕೇಳುತ್ತೇನೆ, ನಮ್ಮ ಮಕ್ಕಳ ಸೀಟು ಅವರಿಗೆ ಹೋಯಿತು ಎಂದು.

ಹಾಗೆ ಗೊಣಗುವವರು ಮುಂದಿನ ಸಲ ರಜೆಗೆ ಹೋದಾಗ ಒಂದು ಕೆಲಸ ಮಾಡಲಿ. ಮಂಗಳೂರು, ಉಡುಪಿ, ಕುಂದಾಪುರಗಳಲ್ಲಿ ದಿರ್ಹಮಿನ ದುಡ್ಡಿನಿಂದ ಎದ್ದ ತಮ್ಮ ಮನೆಯ ಪಾಯ ತೋಡಿದವರು ಯಾರು, ಸ್ಲ್ಯಾಬಿಗೆ ಕಾಂಕ್ರೀಟು ಹೊತ್ತವರು ಯಾರು ಎಂದು ಕಂಟ್ರಾಕ್ಟರನ್ನು ಕೇಳಲಿ. ಬಾದಾಮಿ, ಕೊಪ್ಪಳ, ಕುಷ್ಟಗಿ, ಸಿಂಧನೂರು ಎಂಬ ಊರಿನ ಹೆಸರುಗಳು ಬರುತ್ತವೆ. ಅವರ ಮಕ್ಕಳು ಯಾವ ಶಾಲೆಯಲ್ಲಿ ಓದುತ್ತಿದ್ದಾರೆ, ಓದುತ್ತಿದ್ದಾರೆಯೇ ಎಂದೂ ಕೇಳಲಿ. ಕೇಳಿಕೊಂಡು ಬಂದ ಮೇಲೂ 371(ಜೆ) ಹೆಚ್ಚಾಯಿತು, ಆ ಸೀಮೆಯವರು ಮಲಗಿದ್ದಾರೆ ಎನ್ನುವವರು ಉಳಿದರೆ, ದುಬೈಯಲ್ಲಾಗಲಿ ಅಬುಧಾಬಿಯಲ್ಲಾಗಲಿ, ಯಾವ ಸಂಘದ ವೇದಿಕೆಯಲ್ಲಾದರೂ ಅವರೆದುರು ನಿಂತು ವಾದಿಸಲು ನಾನು ಸಿದ್ಧನಿದ್ದೇನೆ.